ಹದಿನೈದನೇ ಸಿಗ್ನಲ್

ಕಂಟೇನರ್‌ಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1979ರಿಂದ ಆರಂಭಿಸುತ್ತಾರೆ. ಆ ವರ್ಷದ ಜನವರಿಯಲ್ಲಿ, ಅಮೆರಿಕದ ನ್ಯೂಜೆರ್ಸಿಯ ಮರ್ರೇ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನಿಂದ ಯುನಿಕ್ಸ್‌ನ ಏಳನೇ ಆವೃತ್ತಿ ಹೊರಬಂತು. ಅದರಲ್ಲಿ ಸಿಎಚ್‌ರೂಟ್ ಎನ್ನುವ ಸಿಸ್ಟಂ ಕಾಲ್ ಇತ್ತು. ಡಿಸ್ಕಿನ ಯಾವುದೋ ಒಂದು ಡೈರೆಕ್ಟರಿಯನ್ನು ತೋರಿಸಿ, ನಿನ್ನ ಪಾಲಿಗೆ ಇಡೀ ಡಿಸ್ಕೆಂದರೆ ಇಷ್ಟೇ ಎಂದು ಒಂದು ಪ್ರೊಸೆಸ್ಸನ್ನು ನಂಬಿಸುವ ಉಪಾಯ ಅದು. ಇಂದಿನ ಕಂಟೇನರ್‌ನ ಬೇರು ಅಲ್ಲಿದೆ ಎನ್ನುವುದು ನಿಜ. ಆದರೆ ಅದೇ ಆವೃತ್ತಿಯ ಕೈಪಿಡಿಯ ಇನ್ನೊಂದು ಪುಟದಲ್ಲಿ ಇನ್ನೊಂದು ಹೊಸ ಸಾಲೂ ಸೇರಿತ್ತು. ಸಿಗ್ನಲ್‌ಗಳ ಪಟ್ಟಿಯಲ್ಲಿ ಹದಿನೈದನೆಯದು, ಸಿಗ್‌ಟರ್ಮ್. ಚರಿತ್ರೆ ಬರೆಯುವವರು ಆ ಸಾಲನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ನನಗೆ ಅದೇ ಮುಖ್ಯವಾಗಿ ಕಾಣುತ್ತದೆ.

ಸಿಗ್ನಲ್ ಎಂದರೆ ಓಡುತ್ತಿರುವ ಪ್ರೋಗ್ರಾಮಿಗೆ ಕರ್ನಲ್ ಕೈಯಿಂದ ಮುಟ್ಟಿಸುವ ಒಂದು ನಂಬರ್, ಅಷ್ಟೇ. 1975ರ ಆರನೇ ಆವೃತ್ತಿಯಲ್ಲಿ ಆ ಪಟ್ಟಿ ಹದಿಮೂರಕ್ಕೆ ಮುಗಿಯುತ್ತಿತ್ತು. ಆಗ ಕಿಲ್ ಎಂಬ ಆಜ್ಞೆ ಕೊಟ್ಟರೆ ಹೋಗುತ್ತಿದ್ದುದು ಒಂಬತ್ತನೇ ಸಿಗ್ನಲ್. ಒಂಬತ್ತನ್ನು ಹಿಡಿಯಲೂ ಆಗದು, ಅಲಕ್ಷಿಸಲೂ ಆಗದು. ಅದು ಬಂದ ಪ್ರೋಗ್ರಾಂ ಬರೆಯುತ್ತಿದ್ದ ಫೈಲನ್ನು ಅರ್ಧಕ್ಕೆ ಬಿಟ್ಟು ಇಲ್ಲವಾಗುತ್ತದೆ. ಏಳನೇ ಆವೃತ್ತಿಯಲ್ಲಿ ಕಿಲ್ ಆಜ್ಞೆ ತಾನಾಗಿ ಕಳಿಸುವ ಸಿಗ್ನಲ್ ಒಂಬತ್ತರಿಂದ ಹದಿನೈದಕ್ಕೆ ಬದಲಾಯಿತು. ಹದಿನೈದನ್ನು ಹಿಡಿಯಬಹುದು. ಹಿಡಿದು, ಕೈಯಲ್ಲಿದ್ದ ಕೆಲಸ ಮುಗಿಸಿ, ಫೈಲುಗಳನ್ನು ಮುಚ್ಚಿ, ತಾನೇ ಹೊರಡಬಹುದು. ಒಂಬತ್ತು ಬೇಕೇ ಬೇಕೆಂದರೆ ಆ ನಂಬರನ್ನು ಕೈಯಾರೆ ಟೈಪ್ ಮಾಡಬೇಕು. ಯಂತ್ರವನ್ನು ನಡೆಸುವವರ ಕೈಗೆ ಎರಡು ಬಗೆಯ ನಿಲ್ಲಿಸುವಿಕೆ ಬಂದದ್ದು ಹೀಗೆ: ಹೊರಡು ಎಂದು ಕೇಳುವುದು ಒಂದು, ಹೊರಡಿಸಿಬಿಡುವುದು ಇನ್ನೊಂದು. ಈ ಎರಡರ ನಡುವೆ ಎಷ್ಟು ಹೊತ್ತು ಕಾಯಬೇಕು, ಯಾರು ಕಾಯಬೇಕು ಎನ್ನುವ ಪ್ರಶ್ನೆ ಅಂದು ಹುಟ್ಟಿ ಇವತ್ತಿನವರೆಗೂ ನಡೆದುಬಂದಿದೆ.

ನಾನು ಬೆಂಗಳೂರಿನಲ್ಲಿ ಸಿಸ್ಟಂ ಅಡ್ಮಿನ್ ಕೆಲಸ ಕಲಿತದ್ದು ಎಐಎಕ್ಸ್ ಮತ್ತು ಸೊಲಾರಿಸ್ ಎಂಬ ಯುನಿಕ್ಸ್ ಯಂತ್ರಗಳ ಮೇಲೆ. ಆಗ ನಮ್ಮ ಕೆಲಸದ ಮರ್ಯಾದೆ ಇದ್ದದ್ದೇ ನಿಲ್ಲಿಸುವುದರಲ್ಲಿ. ಸರ್ವರ್ ಎಬ್ಬಿಸುವುದು ಯಾರಿಗಾದರೂ ಬರುತ್ತಿತ್ತು. ಡೇಟಾಬೇಸ್, ಅದರ ಮೇಲೆ ಅಪ್ಲಿಕೇಶನ್, ಅದರ ಮುಂದೆ ವೆಬ್ ಸರ್ವರ್ ಇರುವ ಯಂತ್ರವನ್ನು ಯಾವ ಕ್ರಮದಲ್ಲಿ ಕೆಳಗಿಳಿಸಬೇಕು ಎನ್ನುವುದನ್ನು ಹಿರಿಯರೊಬ್ಬರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಆ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡವರಲ್ಲಿ ನಾನೂ ಒಬ್ಬಳು. ಎಐಎಕ್ಸ್‌ನಲ್ಲಿ ಇನಿಟ್ ಎಂಬ ಮೊದಲ ಪ್ರೊಸೆಸ್, ಉಳಿದವುಗಳನ್ನು ನಿಲ್ಲಿಸುವಾಗ ಹದಿನೈದನ್ನು ಕಳಿಸಿ 20 ಸೆಕೆಂಡ್ ಕಾಯುತ್ತಿತ್ತು, ಆಮೇಲೆ ಒಂಬತ್ತು. ಮುಂದೆ ಲಿನಕ್ಸ್‌ಗೆ ಬಂದಾಗ ಅಲ್ಲಿನ ಹಳೆಯ ಸಿಸ್‌ವಿ ಇನಿಟ್ ಕೊಡುತ್ತಿದ್ದುದು 5 ಸೆಕೆಂಡ್ ಮಾತ್ರ ಎಂದು ತಿಳಿದು ಗಾಬರಿಯಾಗಿತ್ತು. ಇಂದಿನ ಸಿಸ್ಟಂಡಿ 90 ಸೆಕೆಂಡ್ ಕೊಡುತ್ತದೆ. ಈ ಸಂಖ್ಯೆಗಳನ್ನು ಯಾರೂ ಅಳೆದು ತೂಗಿ ಕಂಡುಹಿಡಿದಂತೆ ತೋರುವುದಿಲ್ಲ. ಆದರೂ ಒಂದೊಂದರ ಹಿಂದೆ ಒಂದೊಂದು ಲೋಕದೃಷ್ಟಿ ಇದೆ: ನಿಲ್ಲಬೇಕಾದವನ ಕೆಲಸಕ್ಕೆ ಬೆಲೆ ಎಷ್ಟು, ಕಾಯುವವನ ಹೊತ್ತಿಗೆ ಬೆಲೆ ಎಷ್ಟು ಎಂದು.

ಸಿಎಚ್‌ರೂಟ್ ಶುರು ಮಾಡಿದ ಪ್ರತ್ಯೇಕಿಸುವ ಕಲೆ ಮುಂದುವರಿದದ್ದು 2000ದ ಮಾರ್ಚ್‌ನಲ್ಲಿ. ಫ್ರೀಬಿಎಸ್‌ಡಿ 4.0 ಆವೃತ್ತಿಯಲ್ಲಿ ಪೌಲ್ ಹೆನ್ನಿಂಗ್ ಕಾಂಪ್ ಅವರ ಜೈಲ್ ಬಂತು. ಒಂದೇ ಯಂತ್ರದಲ್ಲಿ ಹಲವು ಗಿರಾಕಿಗಳನ್ನು ಇರಿಸಿಕೊಂಡು, ಒಬ್ಬರ ರೂಟ್ ಅಧಿಕಾರ ಇನ್ನೊಬ್ಬರನ್ನು ಮುಟ್ಟದಂತೆ ಮಾಡಿದ ಮೊದಲ ಗಟ್ಟಿ ವ್ಯವಸ್ಥೆ ಅದು. ಅದರ ಬಗ್ಗೆ ನನಗೆ ಕೈಯಾರೆ ಮಾಡಿದ ಅನುಭವವಿಲ್ಲ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ನಾನು ಬಳಸಿದ್ದು 2005ರಲ್ಲಿ ಸೊಲಾರಿಸ್ 10ರ ಜೊತೆ ಬಂದ ಝೋನ್.

ಝೋನ್‌ಗಳನ್ನು ರೂಪಿಸಿದವರು ಹುಟ್ಟಿನಿಂದ ಕೊನೆಯವರೆಗಿನ ಸ್ಥಿತಿಗಳನ್ನು ಹೆಸರಿಟ್ಟು ಬರೆದಿದ್ದರು. ಸಂರಚನೆ ಮಾತ್ರ ಆಗಿರುವುದು ಕಾನ್ಫಿಗರ್ಡ್, ಫೈಲುಗಳು ಪೂರ್ತಿ ಇಳಿಯದೆ ನಡುವೆ ಇರುವುದು ಇನ್‌ಕಂಪ್ಲೀಟ್, ಇಳಿದದ್ದು ಇನ್‌ಸ್ಟಾಲ್ಡ್, ಕರ್ನಲ್ ಜಾಗ ಮಾಡಿಕೊಟ್ಟು, ಒಳಗೆ ಇನ್ನೂ ಯಾವ ಪ್ರೋಗ್ರಾಮೂ ಓಡದಿರುವುದು ರೆಡಿ, ಆಮೇಲೆ ರನ್ನಿಂಗ್, ಕೊನೆಗೆ ಶಟಿಂಗ್ ಡೌನ್ ಮತ್ತು ಡೌನ್ ಎಂಬ ಎರಡು ಘಟ್ಟ. ರೆಡಿ ಮತ್ತು ರನ್ನಿಂಗ್ ಎರಡನ್ನೂ ಬೇರೆ ಬೇರೆ ಮಾಡಿದ್ದು, ಶಟಿಂಗ್ ಡೌನ್ ಎನ್ನುವುದೂ ಒಂದು ಸ್ಥಿತಿಯೇ ಎಂದು ಒಪ್ಪಿಕೊಂಡದ್ದು ದೊಡ್ಡ ಮಾತು. ಕೆಳಗಿಳಿಯುವುದಕ್ಕೂ ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲೂ ಏನಾದರೂ ಸಿಕ್ಕಿಹಾಕಿಕೊಳ್ಳಬಹುದು ಎಂಬ ಅರಿವು ಅದರಲ್ಲಿತ್ತು. ನಿಜಕ್ಕೂ ಸಿಕ್ಕಿಹಾಕಿಕೊಳ್ಳುತ್ತಿತ್ತು: ಎನ್‌ಎಫ್‌ಎಸ್ ಮೌಂಟ್ ಒಂದು ಬಿಡದೆ ಹಿಡಿದುಕೊಂಡರೆ ಝೋನ್ ಗಂಟೆಗಟ್ಟಲೆ ಶಟಿಂಗ್ ಡೌನ್ ಎಂದೇ ತೋರಿಸುತ್ತಾ ನಿಲ್ಲುತ್ತಿತ್ತು. ಕನಿಷ್ಠ ಎಲ್ಲಿ ನಿಂತಿದೆ ಎಂದು ನಮಗೆ ಗೊತ್ತಾಗುತ್ತಿತ್ತು.

ಪ್ರತಿ ಝೋನ್ ಒಳಗೂ ಪೂರ್ಣ ಪ್ರಮಾಣದ ಇನಿಟ್ ಇತ್ತು. ಒಳಗೆ ಲಾಗಿನ್ ಆಗಿ ಶಟ್‌ಡೌನ್ ಕೊಟ್ಟರೆ ಸೇವೆಗಳು ಅವಲಂಬನೆಯ ಕ್ರಮದಲ್ಲಿ ಒಂದೊಂದಾಗಿ ನಿಲ್ಲುತ್ತಿದ್ದವು. ಹೊರಗಿನಿಂದ ಝೋನ್‌ಎಡಿಎಂ ಹಾಲ್ಟ್ ಕೊಟ್ಟರೆ ಆ ಸ್ಕ್ರಿಪ್ಟುಗಳಾವುವೂ ಓಡದೆ ಎಲ್ಲವೂ ಒಮ್ಮೆಗೇ ಮುಗಿಯುತ್ತಿತ್ತು. ನಮ್ಮಲ್ಲಿ ಹೊರಗಿನಿಂದ ಹಾಲ್ಟ್ ಕೊಡುವುದು ನಿಷಿದ್ಧವಾಗಿತ್ತು. ಹೊರಗಿನಿಂದಲೇ ಸರಿಯಾದ ಕ್ರಮದಲ್ಲಿ ನಿಲ್ಲಿಸುವ ಶಟ್‌ಡೌನ್ ಉಪಾಜ್ಞೆ ಬಂದದ್ದು ಸೊಲಾರಿಸ್ 11ರ ಹೊತ್ತಿಗೆ.

ಲಿನಕ್ಸ್‌ನ ದಾರಿ ಬೇರೆ. ಅಲ್ಲಿ ಕಂಟೇನರ್ ಎಂಬ ಒಂದೇ ವಸ್ತು ಇವತ್ತಿಗೂ ಕರ್ನಲ್ ಒಳಗಿಲ್ಲ. ಹತ್ತಾರು ಜನ ಬೇರೆ ಬೇರೆ ಉದ್ದೇಶಕ್ಕೆ ಬರೆದ ತುಣುಕುಗಳು ಕೂಡಿ ಕಂಟೇನರ್ ಆಗಿದೆ. ಗೂಗಲ್‌ನಲ್ಲಿ ಪೌಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಶುರು ಮಾಡಿದ ಕೆಲಸ ಸಿಗ್ರೂಪ್ ಎಂಬ ಹೆಸರಿನಲ್ಲಿ 2008ರ ಜನವರಿಯ 2.6.24 ಕರ್ನಲ್‌ಗೆ ಸೇರಿತು. ಒಂದು ಗುಂಪಿನ ಪ್ರೊಸೆಸ್‌ಗಳು ಇಷ್ಟೇ ಮೆಮೊರಿ, ಇಷ್ಟೇ ಸಿಪಿಯು ಬಳಸಬೇಕು ಎಂದು ಕಟ್ಟುಹಾಕುವುದು ಅದರ ಕೆಲಸ. ಅದೇ ಕರ್ನಲ್‌ನಲ್ಲಿ ಪಿಐಡಿ ನೇಮ್‌ಸ್ಪೇಸ್ ಕೂಡ ಬಂತು. ಅದರೊಳಗೆ ಹುಟ್ಟಿದ ಮೊದಲ ಪ್ರೊಸೆಸ್‌ಗೆ, ಹೊರಗೆ ಅದರ ನಂಬರ್ ಏನೇ ಇರಲಿ, ಒಳಗೆ ಪಿಐಡಿ 1. ನಂಬರ್ 1 ಎಂದರೆ ಇನಿಟ್‌ನ ಸ್ಥಾನ. ಆ ಸ್ಥಾನಕ್ಕೆ ಬೆಲ್ ಲ್ಯಾಬ್ಸ್ ಕಾಲದಿಂದ ಬಂದ ಹಕ್ಕುಬಾಧ್ಯತೆಗಳಿವೆ, ಅವುಗಳನ್ನು ನೇಮ್‌ಸ್ಪೇಸ್ ಹಾಗೆಯೇ ಉಳಿಸಿಕೊಂಡಿತು.

ಮೊದಲ ಬಾಧ್ಯತೆ ಅನಾಥರದ್ದು. ಯುನಿಕ್ಸ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ ತಂದೆ ಪ್ರೊಸೆಸ್ ಇರುತ್ತದೆ. ಮಗು ಸತ್ತಾಗ ತಂದೆ ವೇಟ್ ಎಂಬ ಕರೆ ಮಾಡಿ ಅದರ ಸಾವನ್ನು ವಹಿಸಿಕೊಳ್ಳಬೇಕು. ವಹಿಸಿಕೊಳ್ಳದಿದ್ದರೆ, ಸತ್ತವನ ಹೆಸರು ಶಾನುಭೋಗರ ಖಾತೆಯಲ್ಲಿ ಹೊಡೆಯದೆ ಉಳಿದುಬಿಟ್ಟ ಹಾಗೆ, ಆ ಪ್ರೊಸೆಸ್‌ನ ಸಾಲು ಕರ್ನಲ್‌ನ ಪಟ್ಟಿಯಲ್ಲಿ ಉಳಿದುಕೊಳ್ಳುತ್ತದೆ. ಇದಕ್ಕೇ ಝಾಂಬಿ ಎನ್ನುವುದು. ತಂದೆಯೇ ಮೊದಲು ಸತ್ತರೆ ಮಕ್ಕಳೆಲ್ಲ ನಂಬರ್ 1ರ ಮಡಿಲಿಗೆ ಬೀಳುತ್ತವೆ, ಅವುಗಳ ಸಾವನ್ನು ನಂಬರ್ 1 ವಹಿಸಿಕೊಳ್ಳಬೇಕು. ಎರಡನೆಯದು ಹಕ್ಕು: ನಂಬರ್ 1 ಅಪ್ಪಿತಪ್ಪಿ ಸಾಯಬಾರದು. ಅದಕ್ಕಾಗಿ ಕರ್ನಲ್, ನಂಬರ್ 1 ತಾನೇ ಹ್ಯಾಂಡ್ಲರ್ ಬರೆದುಕೊಂಡಿರದ ಸಿಗ್ನಲ್‌ಗಳನ್ನು ಅದಕ್ಕೆ ತಲುಪಿಸುವುದಿಲ್ಲ. ಹದಿನೈದು ಬಂದರೂ ಅಷ್ಟೇ. ನೇಮ್‌ಸ್ಪೇಸ್ ಹೊರಗಿನಿಂದ ಬಂದ ಒಂಬತ್ತಾದರೆ ತಲುಪುತ್ತದೆ. ಮೂರನೆಯದು: ನಂಬರ್ 1 ಹೋದರೆ ಆ ನೇಮ್‌ಸ್ಪೇಸ್‌ನಲ್ಲಿ ಉಳಿದವರೆಲ್ಲರಿಗೂ ಕರ್ನಲ್ ತಕ್ಷಣ ಒಂಬತ್ತು ಕಳಿಸುತ್ತದೆ.

ಈ ಮೂರು ನಿಯಮಗಳ ತೂಕ ಜನಕ್ಕೆ ತಿಳಿದದ್ದು ಡಾಕರ್ ಬಂದ ಮೇಲೆ. 2013ರ ಮಾರ್ಚ್ 15ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ಡಾಟ್‌ಕ್ಲೌಡ್ ಕಂಪನಿಯ ಸೊಲೊಮನ್ ಹೈಕ್ಸ್ ಐದು ನಿಮಿಷದ ಮಾತಿನಲ್ಲಿ ಅದನ್ನು ಮೊದಲ ಬಾರಿ ಬಹಿರಂಗವಾಗಿ ತೋರಿಸಿದರು. ಝೋನ್‌ಗಳಲ್ಲಿ, ಲಿನಕ್ಸ್‌ನ ಎಲ್‌ಎಕ್ಸ್‌ಸಿಯಲ್ಲಿ ಕಂಟೇನರ್ ಎಂದರೆ ಇನಿಟ್ ಸಮೇತವಾದ ಪುಟ್ಟ ಯಂತ್ರ ಎಂಬ ಕಲ್ಪನೆ ಇತ್ತು. ಡಾಕರ್ ಅದನ್ನು ಬದಲಿಸಿತು: ಒಂದು ಕಂಟೇನರ್, ಒಂದು ಪ್ರೋಗ್ರಾಂ. ಇನಿಟ್ ಹೋಯಿತು. ನಿಮ್ಮ ಪೈಥಾನ್ ಸ್ಕ್ರಿಪ್ಟೋ, ಜಾವಾ ಪ್ರೋಗ್ರಾಮೋ ನೇರವಾಗಿ ನಂಬರ್ 1ರ ಕುರ್ಚಿಯಲ್ಲಿ ಕೂತಿತು. ಆ ಸ್ಥಾನದ ಬಾಧ್ಯತೆಗಳೇನೆಂದು ಅದನ್ನು ಬರೆದವರಿಗೆ ಯಾರೂ ಹೇಳಿರಲಿಲ್ಲ. ಎಬ್ಬಿಸುವುದು ಎಷ್ಟು ಸಲೀಸಾಯಿತೆಂದರೆ, ನಿಮಿಷಗಳ ಕೆಲಸ ಸೆಕೆಂಡಿನೊಳಗೆ ಮುಗಿಯತೊಡಗಿತು. ಆ ಸಂಭ್ರಮದಲ್ಲಿ ನಾನೂ ಇದ್ದೆ, ಅದು ನಿಜವಾದ ಸಂಭ್ರಮವೇ. ಆದರೆ ನಿಲ್ಲಿಸುವ ವಿದ್ಯೆಯನ್ನು ಇಡೀ ಒಂದು ತಲೆಮಾರು ಮೊದಲಿನಿಂದ ಕಲಿಯಬೇಕಾಯಿತು.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಪಾವತಿ ಸೇವೆಯೊಂದನ್ನು ಡಾಕರ್ ಮೇಲೆ ಓಡಿಸುತ್ತಿದ್ದರು. ಹೊಸ ಆವೃತ್ತಿ ಏರಿಸುವ ರಾತ್ರಿಗಳಲ್ಲೆಲ್ಲ ಒಂದಷ್ಟು ವಹಿವಾಟುಗಳು ಪೆಂಡಿಂಗ್ ಎಂದು ನಿಂತುಬಿಡುತ್ತಿದ್ದವು. ಗಾಂಧಿ ಬಜಾರಿನಲ್ಲಿ ಹೂವು ಕೊಂಡವರ ಖಾತೆಯಿಂದ ಹಣ ಕಳೆದಿರುತ್ತದೆ, ಹೂವಿನವರ ಫೋನಿಗೆ ಬಂದಿರುವುದಿಲ್ಲ, ಇಬ್ಬರೂ ಮುಖ ನೋಡಿಕೊಂಡು ನಿಂತಿರುತ್ತಾರೆ. ಬೆಳಿಗ್ಗೆ ತಾಳೆ ನೋಡುವ ತಂಡ ಅದನ್ನು ಸರಿಪಡಿಸುತ್ತಿತ್ತು, ಹಾಗಾಗಿ ಇದು ಡಿಪ್ಲಾಯ್‌ಮೆಂಟಿನ ಸಹಜ ಖರ್ಚು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಕಾಲೇಜು ಮುಗಿಸಿ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಂದು ರಾತ್ರಿ ಪಕ್ಕದಲ್ಲಿ ಕೂತು ಲಾಗ್ ನೋಡುತ್ತಿದ್ದವಳು ಕೇಳಿದಳು: “ಮೇಡಂ, ಬೇರೆ ಬೇರೆ ಕಂಟೇನರ್‌ಗಳು ನಿಲ್ಲೋಕೆ ಬೇರೆ ಬೇರೆ ಹೊತ್ತು ತಗೋಬೇಕಲ್ವಾ? ಇವೆಲ್ಲಾ ಯಾಕೆ ಸರಿಯಾಗಿ ಹತ್ತೇ ಸೆಕೆಂಡ್ ತಗೋತಾವೆ?”

ಆ ಪ್ರಶ್ನೆಯಲ್ಲೇ ಉತ್ತರವಿತ್ತು. ಡಾಕರ್ ಸ್ಟಾಪ್ ಎಂದರೆ ಮೊದಲು ಹದಿನೈದು, ಹತ್ತು ಸೆಕೆಂಡ್ ಕಾದು ಒಂಬತ್ತು. ಎಲ್ಲವೂ ಕರಾರುವಾಕ್ಕಾಗಿ ಹತ್ತು ಸೆಕೆಂಡಿಗೆ ನಿಲ್ಲುತ್ತಿವೆ ಎಂದರೆ ಒಂದೂ ತಾನಾಗಿ ನಿಲ್ಲುತ್ತಿಲ್ಲ ಎಂದರ್ಥ. ಎಕ್ಸಿಟ್ ಕೋಡ್ ನೋಡಿದೆವು, ಎಲ್ಲಾ ಕಡೆ 137. ಸಿಗ್ನಲ್‌ನಿಂದ ಸತ್ತ ಪ್ರೊಸೆಸ್‌ಗೆ ಶೆಲ್ ಕೊಡುವ ಕೋಡ್ 128ಕ್ಕೆ ಸಿಗ್ನಲ್ ನಂಬರ್ ಕೂಡಿಸಿದ್ದು. 137ರಲ್ಲಿ 128 ಕಳೆದರೆ ಒಂಬತ್ತು. ಇಮೇಜ್ ತೆರೆದು ನೋಡಿದರೆ ಕಂಟೇನರ್ ಏಳುವುದು ಒಂದು ಶೆಲ್ ಸ್ಕ್ರಿಪ್ಟಿನಿಂದ. ಅದು ಒಂದಷ್ಟು ವೇರಿಯಬಲ್‌ಗಳನ್ನು ಹೊಂದಿಸಿ ಕೊನೆಯ ಸಾಲಿನಲ್ಲಿ ಜಾವಾ ಪ್ರೋಗ್ರಾಮನ್ನು ಕರೆಯುತ್ತಿತ್ತು. ನಂಬರ್ 1 ಆದದ್ದು ಶೆಲ್, ಜಾವಾ ಅದರ ಮಗು. ಹದಿನೈದು ಬಂದರೆ ಶೆಲ್‌ಗೆ ಹ್ಯಾಂಡ್ಲರ್ ಇಲ್ಲ, ಮಗುವಿಗೆ ದಾಟಿಸುವುದೂ ಇಲ್ಲ. ಜಾವಾಗೆ ನಿಲ್ಲುವ ಮುನ್ನ ಮಾಡಬೇಕಾದ ಕೆಲಸ ನೋಂದಾಯಿಸಿಕೊಳ್ಳುವ ಸೌಲಭ್ಯ 2000ದ 1.3 ಆವೃತ್ತಿಯಿಂದಲೇ ಇದೆ. ನಮ್ಮವರು ಅದನ್ನು ಶ್ರದ್ಧೆಯಿಂದ ಬರೆದೂ ಇದ್ದರು. ಆ ಕೋಡ್ ಕಂಟೇನರ್ ಒಳಗೆ ಒಮ್ಮೆಯೂ ಓಡಿರಲಿಲ್ಲ. ಕೊನೆಯ ಸಾಲಿನ ಮುಂದೆ ಎಕ್ಸೆಕ್ ಎಂಬ ಪದ ಸೇರಿಸಿದೆವು. ಶೆಲ್ ತನ್ನ ಜಾಗವನ್ನು ಜಾವಾಗೆ ಬಿಟ್ಟುಕೊಟ್ಟಿತು, ಹದಿನೈದು ನೇರವಾಗಿ ತಲುಪಿತು, ಎಕ್ಸಿಟ್ ಕೋಡ್ 143 ಆಯಿತು. ನಮ್ಮ ರಾತ್ರಿಗಳ ಪೆಂಡಿಂಗ್ ಪಟ್ಟಿ ಬಹುಮಟ್ಟಿಗೆ ಖಾಲಿಯಾಯಿತು.

ಇದು ನಮ್ಮೊಬ್ಬರ ಕಥೆಯಾಗಿರಲಿಲ್ಲ. ನೆದರ್‌ಲ್ಯಾಂಡ್ಸ್‌ನ ಫ್ಯೂಷನ್ ಕಂಪನಿ, ಕಂಟೇನರ್‌ಗೂ ಸರಿಯಾದ ಇನಿಟ್ ಬೇಕೇ ಬೇಕು ಎಂದು ವಾದಿಸಿ ತನ್ನದೇ ಇಮೇಜ್ ಕೊಟ್ಟಿತು. ಟಿನಿ ಎಂಬ ಪುಟ್ಟ ಇನಿಟ್ ಬಂತು, 2016ರ ಆರಂಭದಲ್ಲಿ ಯೆಲ್ಪ್ ಕಂಪನಿಯವರು ಡಂಬ್ ಇನಿಟ್ ಬಿಡುಗಡೆ ಮಾಡಿದರು. ಎರಡೂ ಮಾಡುವ ಕೆಲಸ ಅಷ್ಟೇ: ನಂಬರ್ 1ರಲ್ಲಿ ಕೂರುವುದು, ಬಂದ ಸಿಗ್ನಲನ್ನು ಮಗುವಿಗೆ ದಾಟಿಸುವುದು, ಅನಾಥರ ಸಾವನ್ನು ವಹಿಸಿಕೊಳ್ಳುವುದು. 2017ರ ಜನವರಿಯ 1.13 ಆವೃತ್ತಿಯಲ್ಲಿ ಡಾಕರ್ ಟಿನಿಯನ್ನು ತನ್ನೊಳಗೇ ಸೇರಿಸಿಕೊಂಡಿತು. ಆಚೆಗೆ ತಳ್ಳಿದ ಇನಿಟ್ ನಾಲ್ಕು ವರ್ಷ ಕಳೆಯುವುದರೊಳಗೆ ವಾಪಸ್ ಬಂದಿತ್ತು.

ಇನ್ನೊಂದು ತೊಡಕು ಹಳೆಯ ಪ್ರೋಗ್ರಾಮುಗಳ ಸ್ವಭಾವದ್ದು. ಹದಿನೈದು ಎಂದರೆ ‘ಮುಗಿಸಿ ಹೊರಡು’ ಎಂದು ಎಲ್ಲರೂ ಒಪ್ಪಿಕೊಂಡಿಲ್ಲ. ಎಂಜಿನ್‌ಎಕ್ಸ್ ವೆಬ್ ಸರ್ವರ್‌ಗೆ ಹದಿನೈದು ಬಂದರೆ ಕೈಯಲ್ಲಿರುವ ಬೇಡಿಕೆಗಳನ್ನು ಬಿಟ್ಟು ತಕ್ಷಣ ನಿಲ್ಲುತ್ತದೆ. ನಿಧಾನವಾಗಿ ಮುಗಿಸಿ ನಿಲ್ಲಲು ಅದಕ್ಕೆ ಸಿಗ್‌ಕ್ವಿಟ್ ಬೇಕು. ಅಪಾಚಿಗೆ ಅದೇ ಕೆಲಸಕ್ಕೆ ಸಿಗ್‌ವಿಂಚ್ ಬೇಕು, ಅದಾದರೋ ಟರ್ಮಿನಲ್ ಕಿಟಕಿಯ ಅಳತೆ ಬದಲಾದಾಗ ಬರುವ ಸಿಗ್ನಲ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇನ್ನೂ ಸೂಕ್ಷ್ಮ. ಅದಕ್ಕೆ ಹದಿನೈದು ಬಂದರೆ ಹೊಸಬರನ್ನು ಒಳಗೆ ಬಿಡದೆ, ಈಗಾಗಲೇ ಸಂಪರ್ಕದಲ್ಲಿರುವ ಎಲ್ಲರೂ ತಾವಾಗಿ ಹೊರಡುವವರೆಗೆ ಕಾಯುತ್ತದೆ. ಅಪ್ಲಿಕೇಶನ್‌ಗಳು ಸಂಪರ್ಕ ಬಿಡುವುದೇ ಇಲ್ಲವಾದ್ದರಿಂದ ಹತ್ತು ಸೆಕೆಂಡ್ ಮುಗಿದು ಒಂಬತ್ತು ಬೀಳುತ್ತದೆ, ಅತಿ ಮೃದುವಾದ ಕೋರಿಕೆ ಅತಿ ಕಠಿಣ ಸಾವಾಗಿ ಮುಗಿಯುತ್ತದೆ. ಅದಕ್ಕೆ ಕೊಡಬೇಕಾದ್ದು ಸಿಗ್‌ಇಂಟ್: ನಡೆಯುತ್ತಿರುವ ವಹಿವಾಟುಗಳನ್ನು ಹಿಂತಿರುಗಿಸಿ, ಸಂಪರ್ಕ ಕಡಿದು, ಶುಚಿಯಾಗಿ ನಿಲ್ಲುತ್ತದೆ. 2015ರ ನವೆಂಬರಿನ ಡಾಕರ್ 1.9ರಲ್ಲಿ ಸ್ಟಾಪ್‌ಸಿಗ್ನಲ್ ಎಂಬ ಸೂಚನೆ ಬಂತು, ಯಾವ ಸಿಗ್ನಲ್ ಕಳಿಸಬೇಕೆಂದು ಇಮೇಜ್‌ನಲ್ಲೇ ಬರೆದಿಡಲು. ಎಂಜಿನ್‌ಎಕ್ಸ್ ಮತ್ತು ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್‌ಗಳು ಅದರಲ್ಲಿ ಸರಿಯಾದ ಸಿಗ್ನಲ್ ಬರೆದುಕೊಂಡದ್ದು 2020ರಲ್ಲಿ. ಆ ಐದು ವರ್ಷ ಪ್ರಪಂಚದ ಎಷ್ಟೋ ಡೇಟಾಬೇಸ್‌ಗಳು ಪ್ರತಿ ರೀಸ್ಟಾರ್ಟಿನಲ್ಲೂ ಅಪಘಾತದಿಂದ ಎದ್ದ ಹಾಗೆ ರಿಕವರಿ ಮಾಡಿಕೊಳ್ಳುತ್ತಾ ಏಳುತ್ತಿದ್ದವು. ಡೇಟಾ ಉಳಿದದ್ದು ಪೋಸ್ಟ್‌ಗ್ರೆಸ್ ಬರೆದವರ ಜಾಗರೂಕತೆಯಿಂದ.

ಹೀಗೆ ಏಳುವುದೇ ಸರಿಯಾದ ದಾರಿ ಎನ್ನುವ ವಾದವೂ ಇದೆ, ಮತ್ತು ಅದು ಹಗುರವಾದದ್ದಲ್ಲ. ಸ್ಟ್ಯಾನ್‌ಫರ್ಡ್‌ನ ಜಾರ್ಜ್ ಕಾಂಡಿಯಾ ಮತ್ತು ಅರ್ಮಾಂಡೋ ಫಾಕ್ಸ್ 2003ರಲ್ಲಿ ‘ಕ್ರ್ಯಾಶ್ ಓನ್ಲಿ ಸಾಫ್ಟ್‌ವೇರ್’ ಎಂಬ ಪ್ರಬಂಧ ಮಂಡಿಸಿದರು. ಕರೆಂಟ್ ಹೋದಾಗ, ಯಂತ್ರ ಕೆಟ್ಟಾಗ ಪ್ರೋಗ್ರಾಂ ಹೇಗೂ ಹಠಾತ್ತನೆ ಸಾಯುತ್ತದೆ, ಅದನ್ನು ತಾಳಿಕೊಳ್ಳಲೇಬೇಕು. ಹಾಗಿದ್ದ ಮೇಲೆ ಶುಚಿಯಾಗಿ ನಿಲ್ಲುವ ಇನ್ನೊಂದು ದಾರಿ ಯಾಕೆ? ನಿಲ್ಲಿಸುವುದೆಂದರೆ ಕೊಲ್ಲುವುದು, ಎಬ್ಬಿಸುವುದೆಂದರೆ ರಿಕವರಿ, ಎರಡೇ ಸಾಕು ಎನ್ನುವುದು ಅವರ ತರ್ಕ. ಅಪರೂಪಕ್ಕೆ ಓಡುವ ರಿಕವರಿ ಕೋಡ್‌ಗಿಂತ ದಿನಾ ಓಡುವ ರಿಕವರಿ ಕೋಡ್ ಹೆಚ್ಚು ನಂಬಿಕೆಗೆ ಅರ್ಹ ಎನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅವರ ತರ್ಕ ಡೇಟಾವನ್ನು ಕಾಪಾಡುತ್ತದೆ, ಉತ್ತರಕ್ಕಾಗಿ ಕಾಯುತ್ತಿರುವ ಮನುಷ್ಯರನ್ನು ಕಾಪಾಡುವುದಿಲ್ಲ. ಹೂವಿನ ಅಂಗಡಿಯ ಮುಂದೆ ನಿಂತವರಿಗೆ ಡೇಟಾಬೇಸ್ ಸುರಕ್ಷಿತವಾಗಿದೆ ಎನ್ನುವುದು ಉತ್ತರವಲ್ಲ. 2011ರಲ್ಲಿ ಹೆರೋಕು ಕಂಪನಿಯ ಆಡಂ ವಿಗಿನ್ಸ್ ಬರೆದ ಹನ್ನೆರಡು ಸೂತ್ರಗಳಲ್ಲಿ ಒಂದು ಎರಡನ್ನೂ ಕೇಳುತ್ತದೆ: ಬೇಗ ಏಳಬೇಕು, ಹದಿನೈದು ಬಂದರೆ ಮುಗಿಸಿ ಹೊರಡಬೇಕು, ಹಠಾತ್ ಸಾವನ್ನೂ ತಾಳಬೇಕು. ನಾನು ನಂಬುವುದು ಇದನ್ನೇ.

ಯಂತ್ರ ಒಂದಿದ್ದಾಗ ನಿಲ್ಲಿಸುವವರು ನಾವು. ಯಂತ್ರಗಳು ಸಾವಿರವಾದಾಗ ನಿಲ್ಲಿಸುವುದು ಇನ್ನೊಂದು ಪ್ರೋಗ್ರಾಂ. ಗೂಗಲ್ ತನ್ನ ಒಳಗಿನ ಬೋರ್ಗ್ ವ್ಯವಸ್ಥೆಯ ಬಗ್ಗೆ 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನನ್ನ ಕಣ್ಣು ಹಿಡಿದ ಎರಡು ಸಂಗತಿಗಳಿವೆ. ಒಂದು ಟಾಸ್ಕ್ ಏಳಲು ಸಾಮಾನ್ಯವಾಗಿ 25 ಸೆಕೆಂಡ್ ಹಿಡಿಯುತ್ತಿತ್ತು, ಅದರಲ್ಲಿ ಶೇ 80ರಷ್ಟು ಹೊತ್ತು ಪ್ಯಾಕೇಜುಗಳನ್ನು ಇಳಿಸಿಕೊಳ್ಳುವುದಕ್ಕೇ ಹೋಗುತ್ತಿತ್ತು. ಇನ್ನೊಂದು, ಹೆಚ್ಚು ಮುಖ್ಯ ಕೆಲಸಕ್ಕೆ ಜಾಗ ಬಿಟ್ಟುಕೊಡಬೇಕಾದ ಟಾಸ್ಕ್ ಕೇಳಿಕೊಂಡಿದ್ದರೆ ಮೊದಲು ಹದಿನೈದರ ಮುನ್ಸೂಚನೆ ಕೊಡುತ್ತಿದ್ದರು, ಆದರೆ ಆ ಮುನ್ಸೂಚನೆ ತಲುಪುತ್ತಿದ್ದುದು ಸುಮಾರು ಶೇ 80 ಸಲ ಮಾತ್ರ. ಇಷ್ಟು ನೇರವಾಗಿ ಆ ಅಂಕಿಯನ್ನು ಬರೆದಿಟ್ಟದ್ದಕ್ಕೆ ಆ ಎಂಜಿನಿಯರುಗಳ ಮೇಲೆ ನನಗೆ ಗೌರವ. ಐದರಲ್ಲಿ ಒಂದು ಸಲ ಹೇಳದೆ ಕೇಳದೆ ಒಂಬತ್ತು ಬರುತ್ತದೆ ಎಂದು ಗೊತ್ತಿದ್ದರೆ ಪ್ರೋಗ್ರಾಂ ಬರೆಯುವವರು ಅದನ್ನು ತಾಳುವ ಹಾಗೆ ಬರೆಯುತ್ತಾರೆ.

ಆ ಅನುಭವದಿಂದ 2014ರ ಜೂನ್‌ನಲ್ಲಿ ಹೊರಬಂದದ್ದು ಕುಬರ್ನೆಟೀಸ್. ಅದು ಡಾಕರ್‌ನ 10 ಸೆಕೆಂಡನ್ನು 30 ಮಾಡಿತು. ಹದಿನೈದು ಕಳಿಸುವ ಮುನ್ನ ಓಡಿಸಬಹುದಾದ ಪ್ರೀಸ್ಟಾಪ್ ಎಂಬ ಕೊಕ್ಕೆ ಕೊಟ್ಟಿತು, ಅದು ತೆಗೆದುಕೊಳ್ಳುವ ಹೊತ್ತೂ ಆ ಮೂವತ್ತರ ಲೆಕ್ಕಕ್ಕೇ ಸೇರುತ್ತದೆ. ಜೊತೆಯಾಗಿ ಬಾಳುವ ಕಂಟೇನರ್‌ಗಳನ್ನು ಪಾಡ್ ಎಂಬ ಗುಂಪು ಮಾಡಿತು. ಆ ಗುಂಪಿನ ನೆಟ್‌ವರ್ಕನ್ನು ಹಿಡಿದುಕೊಂಡಿರಲು ಪ್ರತಿ ಪಾಡಿನಲ್ಲೂ ಪಾಸ್ ಎಂಬ ಹೆಸರಿನ ಒಂದು ಕಂಟೇನರ್ ಇರುತ್ತದೆ. ಅದರ ಸಿ ಕೋಡನ್ನು ನನ್ನ ಜೊತೆ ಕೆಲಸ ಮಾಡುವ ಹೊಸಬರಿಗೆಲ್ಲ ಓದಿಸುತ್ತೇನೆ. ಸತ್ತ ಮಕ್ಕಳನ್ನು ವಹಿಸಿಕೊಳ್ಳುವ ಒಂದು ಹ್ಯಾಂಡ್ಲರ್, ಹೊರಡು ಎಂದಾಗ ಹೊರಡುವ ಇನ್ನೊಂದು, ಉಳಿದ ಹೊತ್ತೆಲ್ಲ ಸುಮ್ಮನೆ ಕಾಯುವ ಒಂದು ಲೂಪ್. ನಂಬರ್ 1ರ ಕರ್ತವ್ಯವೇನೆಂದು ಅದಕ್ಕಿಂತ ಚಿಕ್ಕದಾಗಿ ಬರೆದದ್ದನ್ನು ನಾನು ಕಂಡಿಲ್ಲ.

ಕುಬರ್ನೆಟೀಸ್‌ನ ವಿನ್ಯಾಸದಲ್ಲಿ ಒಂದು ಓಟದ ಪೈಪೋಟಿಯೂ ಅಡಗಿದೆ. ಪಾಡನ್ನು ಅಳಿಸು ಎಂದಾಗ ಎರಡು ಕೆಲಸ ಏಕಕಾಲಕ್ಕೆ ಶುರುವಾಗುತ್ತವೆ. ಆ ಯಂತ್ರದ ಮೇಲಿರುವ ಕುಬರ್ನೆಟೀಸ್‌ನ ಪ್ರತಿನಿಧಿ ಕುಬ್ಲೆಟ್ ಹದಿನೈದು ಕಳಿಸುತ್ತದೆ. ಇತ್ತ ಬೇರೆ ಎಲ್ಲ ಯಂತ್ರಗಳ ದಾರಿಪಟ್ಟಿಯಿಂದ ಆ ಪಾಡಿನ ವಿಳಾಸ ತೆಗೆಯುವ ಕೆಲಸ ನಡೆಯುತ್ತದೆ. ಒಂದು ಇನ್ನೊಂದಕ್ಕೆ ಕಾಯುವುದಿಲ್ಲ. ಬಾಗಿಲು ಮುಚ್ಚಿದ ಮೇಲೂ ಒಂದೆರಡು ಸೆಕೆಂಡ್ ಹೊಸ ಬೇಡಿಕೆಗಳು ಬರುತ್ತಲೇ ಇರುತ್ತವೆ. ಇದಕ್ಕೆ ಪ್ರಪಂಚದಾದ್ಯಂತ ಎಂಜಿನಿಯರುಗಳು ಕಂಡುಕೊಂಡ ಪರಿಹಾರ, ಪ್ರೀಸ್ಟಾಪ್‌ನಲ್ಲಿ ಕೆಲವು ಸೆಕೆಂಡ್ ಸುಮ್ಮನೆ ಮಲಗುವುದು. ಒಳಗೆ ಶೆಲ್ಲೇ ಇಲ್ಲದ ಇಮೇಜ್‌ಗಳು ಹೆಚ್ಚಾದಾಗ ಸ್ಲೀಪ್ ಆಜ್ಞೆಯೂ ಸಿಗದಾಯಿತು. 2023ರ ಡಿಸೆಂಬರಿನ 1.29 ಆವೃತ್ತಿಯಲ್ಲಿ ಆ ಮಲಗುವಿಕೆಯನ್ನೇ ಕುಬರ್ನೆಟೀಸ್ ತನ್ನ ಸೌಲಭ್ಯವಾಗಿ ಕೊಡಲು ಆರಂಭಿಸಿತು.

ಭಾಷೆಗಳೂ ನಿಧಾನವಾಗಿ ಇತ್ತ ತಿರುಗಿದವು. ಗೋ ಭಾಷೆಯ ವೆಬ್ ಸರ್ವರ್‌ಗೆ ಮುಗಿಸಿ ನಿಲ್ಲುವ ಕರೆ ಬಂದದ್ದು 2017ರ 1.8ರಲ್ಲಿ, ಜಾವಾದ ಸ್ಪ್ರಿಂಗ್ ಬೂಟ್ ಚೌಕಟ್ಟಿಗೆ 2020ರ 2.3ರಲ್ಲಿ. ಕುಬರ್ನೆಟೀಸ್‌ನಲ್ಲಿ ಏಳುವ ಕಡೆಯೂ ಒಂದು ತಿದ್ದುಪಡಿ ಆಯಿತು. ಬದುಕಿದ್ದೀಯಾ ಎಂದು ಆಗಾಗ ಕೇಳುವ ಲೈವ್‌ನೆಸ್ ಪ್ರೋಬ್, ನಿಧಾನಕ್ಕೆ ಏಳುವ ದೊಡ್ಡ ಜಾವಾ ಅಪ್ಲಿಕೇಶನ್‌ಗಳನ್ನು ಪೂರ್ತಿ ಏಳುವ ಮೊದಲೇ ಕೊಂದು, ಮತ್ತೆ ಎಬ್ಬಿಸಿ, ಮತ್ತೆ ಕೊಲ್ಲುತ್ತಿತ್ತು. ಎದ್ದಾಯಿತೇ ಎಂದು ಮೊದಲು ಕೇಳಿ, ಅಲ್ಲಿಯವರೆಗೆ ಉಳಿದ ಪ್ರಶ್ನೆಗಳನ್ನು ತಡೆಹಿಡಿಯುವ ಸ್ಟಾರ್ಟಪ್ ಪ್ರೋಬ್ 2019ರಲ್ಲಿ ಪ್ರಯೋಗವಾಗಿ ಬಂದು 2020ರ ಕೊನೆಗೆ ಸ್ಥಿರವಾಯಿತು.

ಈ ನಡುವೆ 2015ರಲ್ಲಿ ಹುಟ್ಟಿದ ಓಪನ್ ಕಂಟೇನರ್ ಇನಿಶಿಯೇಟಿವ್ ಒಂದು ಮಾನದಂಡ ಬರೆಯಿತು, 2017ರ ಜುಲೈನಲ್ಲಿ ಅದರ 1.0 ಪ್ರಕಟವಾಯಿತು. ಸ್ಥಿತಿಗಳು ನಾಲ್ಕೇ: ಕ್ರಿಯೇಟಿಂಗ್, ಕ್ರಿಯೇಟೆಡ್, ರನ್ನಿಂಗ್, ಸ್ಟಾಪ್ಡ್. ಸೃಷ್ಟಿಸುವುದು ಬೇರೆ, ಓಡಿಸುವುದು ಬೇರೆ. ನಡುವಿನ ಹೊತ್ತಿನಲ್ಲಿ ನೆಟ್‌ವರ್ಕ್ ಜೋಡಿಸಬಹುದು. ಝೋನ್‌ಗಳ ರೆಡಿ ಮತ್ತು ರನ್ನಿಂಗ್ ನೆನಪಾಗಿ ನನಗೆ ಖುಷಿಯಾಯಿತು. ಆದರೆ ಶಟಿಂಗ್ ಡೌನ್‌ಗೆ ಸಮನಾದ ಸ್ಥಿತಿ ಅಲ್ಲಿಲ್ಲ. ಕಾಯುವ ಅವಧಿಯೂ ಇಲ್ಲ. ಸಿಗ್ನಲ್ ಕಳಿಸು, ಅಳಿಸು, ಎರಡೇ ಕ್ರಿಯೆ. ನಡುವೆ ಎಷ್ಟು ಕಾಯಬೇಕೆಂಬುದನ್ನು ಮೇಲಿರುವವರಿಗೆ ಬಿಟ್ಟಿದ್ದಾರೆ. ಸ್ಥಿತಿಗಳನ್ನು ಕಡಿಮೆ ಇಡುವುದು ಒಳ್ಳೆಯದೇ. ಆದರೂ ನಿಲ್ಲುತ್ತಿದೆ ಎಂಬುದಕ್ಕೆ ಒಂದು ಹೆಸರು ಇರಬೇಕಿತ್ತು ಎಂದು ನನ್ನ ಅಭಿಪ್ರಾಯ. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ನಾವು ನೋಡುವುದು ರನ್ನಿಂಗ್ ಅಥವಾ ಸ್ಟಾಪ್ಡ್. ತೊಂದರೆ ಇರುವುದು ಅವೆರಡರ ನಡುವೆ.

ಕೊನೆಗೆ ಬಂದದ್ದು ಕ್ರಮದ ಪ್ರಶ್ನೆ, ನಮ್ಮ ಹಿರಿಯರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದದ್ದು. ಪಾಡಿನಲ್ಲಿ ಮುಖ್ಯ ಕಂಟೇನರ್ ಪಕ್ಕ ಲಾಗ್ ಸಾಗಿಸುವ, ನೆಟ್‌ವರ್ಕ್ ಪ್ರಾಕ್ಸಿ ಮಾಡುವ ಸೈಡ್‌ಕಾರ್‌ಗಳು ಇರುತ್ತವೆ. ಬಹುಕಾಲ ಕುಬರ್ನೆಟೀಸ್ ಎಲ್ಲರಿಗೂ ಒಟ್ಟಿಗೇ ಹದಿನೈದು ಕಳಿಸುತ್ತಿತ್ತು. ಪ್ರಾಕ್ಸಿ ಮೊದಲು ಹೊರಟುಬಿಟ್ಟರೆ ಮುಖ್ಯ ಪ್ರೋಗ್ರಾಂ ತನ್ನ ಕೊನೆಯ ಉತ್ತರವನ್ನು ಕಳಿಸಲಾಗದೆ ಒದ್ದಾಡುತ್ತಿತ್ತು. ಬ್ಯಾಚ್ ಜಾಬ್‌ಗಳಲ್ಲಿ ಉಲ್ಟಾ: ಮುಖ್ಯ ಕೆಲಸ ಮುಗಿದರೂ ಪ್ರಾಕ್ಸಿ ಓಡುತ್ತಲೇ ಇದ್ದು ಜಾಬ್ ಮುಗಿಯಿತೆಂದು ದಾಖಲಾಗುತ್ತಲೇ ಇರಲಿಲ್ಲ. ಇದನ್ನು ಸರಿಪಡಿಸುವ ಪ್ರಸ್ತಾವಕ್ಕೆ 753 ಎಂಬ ನಂಬರ್. ವರ್ಷಗಟ್ಟಲೆ ಚರ್ಚೆ ನಡೆದು, ಒಮ್ಮೆ ನಿಂತು, ಹೊಸ ರೂಪದಲ್ಲಿ 2023ರ ಆಗಸ್ಟಿನ 1.28ರಲ್ಲಿ ಪ್ರಯೋಗವಾಗಿ ಬಂತು. 2025ರ ಏಪ್ರಿಲ್‌ನ 1.33ರಲ್ಲಿ ಸ್ಥಿರವಾಯಿತು. ಈಗ ಸೈಡ್‌ಕಾರ್‌ಗಳು ಬರೆದ ಕ್ರಮದಲ್ಲಿ ಮುಖ್ಯ ಕಂಟೇನರ್‌ಗಿಂತ ಮೊದಲು ಏಳುತ್ತವೆ, ಮುಖ್ಯವಾದದ್ದು ಹೊರಟ ಮೇಲೆ ಹಿಂದುಮುಂದಾಗಿ ಒಂದೊಂದೇ ನಿಲ್ಲುತ್ತವೆ. ಆದರೆ ಹೊತ್ತು ಎಲ್ಲರಿಗೂ ಸೇರಿ ಅದೇ ಮೂವತ್ತು. ಮುಖ್ಯ ಕಂಟೇನರ್ 29 ಸೆಕೆಂಡ್ ತೆಗೆದುಕೊಂಡರೆ ಲಾಗ್ ಸಾಗಿಸುವವನಿಗೆ ಉಳಿಯುವುದು ಒಂದು. ರಾತ್ರಿ ತಾಳೆ ನೋಡುವ ನಮ್ಮ ಜಾಬ್‌ಗೆ ಈಗ 120 ಎಂದು ಬರೆದಿದ್ದೇವೆ, ಲಾಗಿನ ಕೊನೆಯ ಸಾಲುಗಳು ಈಗ ಕಳೆದುಹೋಗುತ್ತಿಲ್ಲ.